ಹಳೇ ಡೀಮನ್ ಮುರಿಯದೆ ಕರ್ನಲ್ ಇಂಟರ್‌ಫೇಸ್‌ಗೆ ಹೊಸ ಕೌಂಟರ್ ಸೇರಿಸುವುದು ಹೇಗೆ?

ಪೋರ್ಟ್ ಎಂಟು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಬ್ರಾಡ್‌ಬ್ಯಾಂಡ್ ಗೇಟ್‌ವೇ ತಯಾರಿಸುವ ಕಡೆ ಕೆಲಸ ಮಾಡುತ್ತೇನೆ. ನಮ್ಮ ಸ್ವಿಚ್ ಡ್ರೈವರ್ ಲಿನಕ್ಸ್‌ನ ಮುಖ್ಯ ಟ್ರೀಯಲ್ಲಿ ಇಲ್ಲ. ಹಿಂದಿನ ತಂಡ ಬರೆದದ್ದು, ಈಗ ನನ್ನ ಕೈಗೆ ಬಂದಿದೆ.

ಆ ಡ್ರೈವರ್ ಪ್ರತಿ ಪೋರ್ಟಿನ ಲೆಕ್ಕವನ್ನು ಒಂದು ಖಾಸಗಿ ಐಆಕ್ಟಲ್ (ಪ್ರೋಗ್ರಾಂ ಒಂದು ಕಮಾಂಡ್ ನಂಬರ್ ಕೊಟ್ಟು ಡ್ರೈವರನ್ನು ಕೇಳುವ ಕಾಲ್) ಮೂಲಕ ಕೊಡುತ್ತದೆ. ನೆಟ್‌ವರ್ಕ್ ಡಿವೈಸ್‌ಗಳಿಗೆ ಅಂತ ಮೀಸಲಿಟ್ಟ 16 ಡೆವ್‌ಪ್ರೈವೇಟ್ ನಂಬರ್‌ಗಳಿವೆ ಅಲ್ವಾ, ಅದರಲ್ಲಿ ಒಂದು. ಲೆಕ್ಕ ತುಂಬಿ ಕೊಡುವ ಸ್ಟ್ರಕ್ಟ್‌ನಲ್ಲಿ, ಅಂದರೆ ಫೀಲ್ಡ್‌ಗಳನ್ನು ಸಾಲಾಗಿ ಜೋಡಿಸಿದ ಮೆಮೊರಿ ತುಂಡಿನಲ್ಲಿ, ಮೊದಲು 4 ಬೈಟ್ ಪೋರ್ಟ್ ನಂಬರ್, ಆಮೇಲೆ 4 ಬೈಟ್ ಫ್ಲ್ಯಾಗ್ಸ್, ಆಮೇಲೆ ಅನ್‌ಸೈನ್ಡ್ ಲಾಂಗ್ ಆಗಿರುವ 6 ಕೌಂಟರ್, ಕೊನೆಗೆ ರಿಸರ್ವ್ಡ್ ಅಂತ 4 ಬೈಟಿನ 8 ಖಾಲಿ ಜಾಗ. 32 ಬಿಟ್ ಎಆರ್‌ಎಂನಲ್ಲಿ ಒಟ್ಟು 64 ಬೈಟ್.

ಇದನ್ನು ಓದುವ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ) ನಮ್ಮದಲ್ಲ, ಗ್ರಾಹಕ ಕಂಪನಿಯದು. 30 ಸೆಕೆಂಡಿಗೊಮ್ಮೆ ಕೌಂಟರ್ ಓದಿ ಹಿಂದಿನ ಓದಿನಿಂದ ಕಳೆಯುತ್ತದೆ. 1 ಗಿಗಾಬಿಟ್ ಪೋರ್ಟಿನಲ್ಲಿ 32 ಬಿಟ್ ಬೈಟ್ ಕೌಂಟರ್ ಒಂದು ಸುತ್ತು ಮುಗಿಸಲು ಸುಮಾರು 34 ಸೆಕೆಂಡ್ ಬೇಕು, ಹಾಗಾಗಿ ಇಷ್ಟು ದಿನ ಹೇಗೋ ನಡೆಯಿತು. ಹೊಸ ಬಾಕ್ಸ್‌ನಲ್ಲಿ 2.5 ಗಿಗಾಬಿಟ್ ಪೋರ್ಟ್ ಇದೆ. ಅಲ್ಲಿ 14 ಸೆಕೆಂಡಿನೊಳಗೇ ಸುತ್ತು ಮುಗಿಯುತ್ತದೆ. 64 ಬಿಟ್ ಕೌಂಟರ್ ಬೇಕೇ ಬೇಕು. ಜೊತೆಗೆ ವಿಲ್ಯಾನ್ (ಒಂದೇ ಸ್ವಿಚ್ ಒಳಗೆ ಬೇರ್ಪಡಿಸಿದ ವರ್ಚುವಲ್ ನೆಟ್‌ವರ್ಕ್) ಪ್ರಕಾರ ಲೆಕ್ಕವೂ ಬೇಕಂತೆ.

ತೊಡಕು ಏನೆಂದರೆ, ಫೀಲ್ಡ್‌ನಲ್ಲಿರುವ ಹಳೇ ಡೀಮನ್ ಹಾಗೇ ಓಡುತ್ತಿರಬೇಕು. ಅದು 32 ಬಿಟ್ ಬೈನರಿ, ಸೋರ್ಸ್ ನಮಗೆ ಸಿಗುವುದಿಲ್ಲ. ಹೊಸ ಬಾಕ್ಸ್‌ನ ಕರ್ನಲ್ ಮಾತ್ರ 64 ಬಿಟ್.

ತಂಡದಲ್ಲಿ ಒಬ್ಬರು ಕೌಂಟರ್‌ಗಳನ್ನು ಸೀದಾ 64 ಬಿಟ್ ಮಾಡಿಬಿಡು ಅನ್ನುತ್ತಾರೆ. ಇನ್ನೊಬ್ಬರು ಮೇಲಿನ 32 ಬಿಟ್ಟುಗಳನ್ನು ರಿಸರ್ವ್ಡ್ ಜಾಗಕ್ಕೆ ಹಾಕು, 6 ಕೌಂಟರ್‌ಗೆ 24 ಬೈಟ್, 32ರಲ್ಲಿ ಹಿಡಿಯುತ್ತದೆ, ವಿಲ್ಯಾನ್ ಬೇಕು ಅನ್ನುವುದಕ್ಕೆ ಫ್ಲ್ಯಾಗ್ಸ್‌ನಲ್ಲಿ ಒಂದು ಬಿಟ್ ಬಳಸು ಅನ್ನುತ್ತಾರೆ. ನನಗೆ ಹೊಸ ಕಮಾಂಡ್ ನಂಬರ್ ತೆಗೆದುಕೊಳ್ಳುವುದೇ ವಾಸಿ ಅನಿಸುತ್ತಿದೆ. ಅನುಭವ ಇರುವವರು ಹೇಳಿ.

ಸಾಗರದವಳು

ಮೊದಲನೇ ದಾರಿ ಬೇಡವೇ ಬೇಡ. ಸಾಮಾನ್ಯ ಐಆಕ್ಟಲ್ ನಂಬರ್ ಒಳಗೆ ಸ್ಟ್ರಕ್ಟ್‌ನ ಅಳತೆಯೂ ಸೇರಿರುತ್ತದೆ. ಸ್ಟ್ರಕ್ಟ್ ಬೆಳೆದರೆ ನಂಬರ್ ತಾನಾಗಿಯೇ ಬದಲಾಗುತ್ತದೆ, ಹಳಬರಿಗೆ ಎರರ್ ಬರುತ್ತದೆ, ಅಷ್ಟೇ. ಡೆವ್‌ಪ್ರೈವೇಟ್ ನಂಬರ್‌ಗಳಲ್ಲಿ ಅಳತೆ ಇಲ್ಲ. ಕರ್ನಲ್ಲಿಗೆ ಸಿಗುವುದು ಬರೀ ಒಂದು ಪಾಯಿಂಟರ್. ಆ ಕಡೆ ಎಷ್ಟು ಜಾಗ ಇದೆ ಅಂತ ಅದಕ್ಕೆ ತಿಳಿಯುವ ದಾರಿಯೇ ಇಲ್ಲ.

ಇನ್ನೊಂದು ವಿಷಯ ಗಮನಿಸಿದ್ದೀರಾ? ನೀವು ಏನೂ ಬದಲಿಸದಿದ್ದರೂ ಈಗಲೇ ಮುರಿದಿದೆ. ಅನ್‌ಸೈನ್ಡ್ ಲಾಂಗ್ 64 ಬಿಟ್ ಕರ್ನಲ್‌ನಲ್ಲಿ 8 ಬೈಟ್. ಹಾಗಾಗಿ ಅಲ್ಲಿ ನಿಮ್ಮ ಸ್ಟ್ರಕ್ಟ್ 8 ಕೂಡಿಸು 48 ಕೂಡಿಸು 32, ಅಂದರೆ 88 ಬೈಟ್. ಡೀಮನ್ ಇಟ್ಟಿರುವ ಜಾಗ 64. ಪಾವಿಗೆ ಸೇರು ಸುರಿದ ಹಾಗೆ, ಉಳಿದ 24 ಬೈಟ್ ಡೀಮನ್‌ನ ಸ್ಟ್ಯಾಕ್ (ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿ) ಮೇಲೆ ಚೆಲ್ಲುತ್ತದೆ. ಡೀಮನ್ ಅಲ್ಲೇ ಬೀಳುವುದಿಲ್ಲ. ಇನ್ಯಾವುದೋ ಫಂಕ್ಷನ್ ಮುಗಿಯುವಾಗ ಬೀಳುತ್ತದೆ, ನೀವು ತಪ್ಪಾದ ಜಾಗದಲ್ಲಿ ಹುಡುಕುತ್ತಾ ಕೂರುತ್ತೀರಿ.

ತಿಪಟೂರು ರೂಟರ್

ಮೇಡಂ ಹೇಳಿದ್ದು ಸರಿ. ಇದೇ ಕಾಯಿಲೆ ಲಿನಕ್ಸ್‌ನ ಪ್ಯಾಕೆಟ್ ಸಾಕೆಟ್‌ಗೂ (ಪ್ರೋಗ್ರಾಂಗೆ ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ನೇರವಾಗಿ ಕೊಡುವ ದಾರಿ) ಬಂದಿತ್ತು. ಅದರ ಟಿಪ್ಯಾಕೆಟ್ ಅನ್ನುವ ಸ್ಟ್ರಕ್ಟ್‌ನ ಮೊದಲ ವರ್ಷನ್‌ನಲ್ಲಿ ಅನ್‌ಸೈನ್ಡ್ ಲಾಂಗ್ ಇತ್ತು. 64 ಬಿಟ್ ಕರ್ನಲ್ ಮೇಲೆ 32 ಬಿಟ್ ಪ್ರೋಗ್ರಾಂ ಓಡಿಸಲು ಆಗುತ್ತಿರಲಿಲ್ಲ. ಅದಕ್ಕೇ ಎರಡನೇ ವರ್ಷನ್ ಬಂತು. ಮೊದಲನೆಯದನ್ನು ತೆಗೆಯಲಿಲ್ಲ. ಯಾವ ವರ್ಷನ್ ಬೇಕು ಅಂತ ಪ್ರೋಗ್ರಾಂ ತಾನೇ ಒಂದು ಸಾಕೆಟ್ ಆಪ್ಷನ್ ಹಾಕಿ ಕೇಳಬೇಕು. ಕೇಳದಿದ್ದರೆ ಹಳೆಯದೇ.

ನಾನು ವರ್ಷಗಟ್ಟಲೆ ರೂಟರ್ ಕರ್ನಲ್‌ಗಳ ಜೊತೆಗೇ ಇದ್ದೇನೆ. ಈ ವಿಷಯದಲ್ಲಿ ಒಂದು ಮಾತು ಖಚಿತವಾಗಿ ಹೇಳುತ್ತೇನೆ ಪೋರ್ಟ್ ಎಂಟು ಅವರೇ. ಹೆಡರ್ ಫೈಲಿನಲ್ಲಿ ಏನು ಬರೆದಿದೆ ಅನ್ನುವುದು ಒಪ್ಪಂದ ಅಲ್ಲ. ಫೀಲ್ಡ್‌ನಲ್ಲಿರುವ ಪ್ರೋಗ್ರಾಂ ಇವತ್ತು ಏನು ಕಳಿಸುತ್ತಿದೆ, ಕರ್ನಲ್ ಇವತ್ತು ಏನನ್ನು ಸುಮ್ಮನೆ ಒಪ್ಪಿಕೊಳ್ಳುತ್ತಿದೆ, ಅದೇ ಒಪ್ಪಂದ. ಈ ದೃಷ್ಟಿಯಿಂದ ನಿಮ್ಮ ಎರಡನೇ ದಾರಿಯನ್ನು ನೋಡಿ.

ಅದರಲ್ಲಿ ಎರಡು ಬೇರೆ ಬೇರೆ ಸಂಗತಿ ಸೇರಿಕೊಂಡಿವೆ. ರಿಸರ್ವ್ಡ್ ಜಾಗಕ್ಕೆ ಕರ್ನಲ್ ಬರೆಯುವುದು ಒಂದು. ಫ್ಲ್ಯಾಗ್ಸ್‌ನಿಂದ ಕರ್ನಲ್ ಓದುವುದು ಇನ್ನೊಂದು. ಬರೆಯುವುದರಲ್ಲಿ ಅಪಾಯ ಕಡಿಮೆ, 64 ಬೈಟ್ ದಾಟದಿದ್ದರೆ ಸಾಕು. ಹೀಗೆ ಮಾಡಿದ ಉದಾಹರಣೆಯೂ ಇದೆ. ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗ್ ನೋಡುವ, ಬದಲಿಸುವ ಇಥ್‌ಟೂಲ್‌ನ ಹಳೇ ಸ್ಟ್ರಕ್ಟ್‌ನಲ್ಲಿ ಸ್ಪೀಡ್ ಅನ್ನುವುದು 16 ಬಿಟ್, ಮೆಗಾಬಿಟ್ ಲೆಕ್ಕದಲ್ಲಿ. 65,535 ದಾಟಲು ಆಗದು, 100 ಗಿಗಾಬಿಟ್ ಕಾರ್ಡಿಗೆ ಸಾಲದು. ಅದಕ್ಕೆ ಅದೇ ಸ್ಟ್ರಕ್ಟ್ ಒಳಗೆ ಸ್ಪೀಡ್ ಹೈ ಅಂತ ಇನ್ನೊಂದು 16 ಬಿಟ್ ಇಟ್ಟರು. ಕೆಲಸ ಆಯಿತು, ಆದರೆ ಎರಡು ತುಂಡು ಜೋಡಿಸಲು ಬೇರೆ ಹೆಲ್ಪರ್ ಫಂಕ್ಷನ್ ಬೇಕಾಯಿತು. ನೀವು ಹೀಗೆ ಮಾಡುವುದಾದರೆ ಕೌಂಟರನ್ನು ಒಮ್ಮೆ 64 ಬಿಟ್ ಆಗಿ ಓದಿಟ್ಟುಕೊಂಡು ಆಮೇಲೆ ಎರಡು ತುಂಡು ಮಾಡಿ. ಬೇರೆ ಬೇರೆ ಓದಿದರೆ ನಡುವೆ ಕೆಳಗಿನ ತುಂಡು ಸುತ್ತು ಹೊಡೆದು 4 ಗಿಗಾಬೈಟ್ ವ್ಯತ್ಯಾಸ ಬರುತ್ತದೆ.

ಫ್ಲ್ಯಾಗ್ಸ್ ವಿಷಯ ಹಾಗಲ್ಲ. ನಿಮ್ಮ ಡ್ರೈವರ್ ಇವತ್ತು ಗೊತ್ತಿಲ್ಲದ ಬಿಟ್ ಕಂಡರೆ ಎರರ್ ಕೊಡುತ್ತದಾ? ಕೊಡದಿದ್ದರೆ ಆ ಬಿಟ್ಟುಗಳು ನಿಮ್ಮ ಕೈ ಬಿಟ್ಟವು ಅಂತಲೇ ತಿಳಿಯಿರಿ. ಸ್ಟ್ರಕ್ಟನ್ನು ಸೊನ್ನೆ ಮಾಡದೆ ಕಳಿಸುವ ಪ್ರೋಗ್ರಾಂ ಇದ್ದರೆ ಅಲ್ಲಿ ಸ್ಟ್ಯಾಕ್‌ನ ಕಸ ಬರುತ್ತಿರುತ್ತದೆ. ಇಷ್ಟು ದಿನ ಯಾರೂ ನೋಡದ ಕಸಕ್ಕೆ ನಾಳೆ ಅರ್ಥ ಬಂದುಬಿಡುತ್ತದೆ.

ಲಿನಕ್ಸ್ 4.14ರಲ್ಲಿ ಟಿಸಿಪಿಗೆ ಜೀರೋಕಾಪಿ ಸೆಂಡ್ (ಡೇಟಾವನ್ನು ಕಾಪಿ ಮಾಡದೆ ಕಳಿಸುವುದು) ಬಂದಾಗ ಇದೇ ಪ್ರಶ್ನೆ ಎದ್ದಿತು. ಅದನ್ನು ಕೇಳುವುದು ಸೆಂಡ್ ಕಾಲ್‌ನ ಒಂದು ಫ್ಲ್ಯಾಗ್ ಮೂಲಕ. ಆದರೆ ಸೆಂಡ್ ಕಾಲ್ ಮೊದಲಿನಿಂದಲೂ ಗೊತ್ತಿಲ್ಲದ ಫ್ಲ್ಯಾಗ್‌ಗಳನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಯಾವುದೋ ಹಳೇ ಪ್ರೋಗ್ರಾಂ ತಿಳಿಯದೆ ಆ ಬಿಟ್ ಹಾಕುತ್ತಿದ್ದರೆ? ಅದರ ಬಫರನ್ನು ಕರ್ನಲ್ ಕಾಪಿ ಮಾಡದೆ ಹಿಡಿದಿಟ್ಟುಕೊಳ್ಳುತ್ತದೆ, ಪ್ರೋಗ್ರಾಂ ಅದೇ ಬಫರಿಗೆ ಹೊಸ ಡೇಟಾ ಬರೆಯುತ್ತದೆ, ತಂತಿ ಮೇಲೆ ತಪ್ಪು ಬೈಟ್ ಹೋಗುತ್ತದೆ. ಅದಕ್ಕೇ ಮೊದಲು ಒಂದು ಸಾಕೆಟ್ ಆಪ್ಷನ್ ಹಾಕಿ ನನಗೆ ಇದು ಗೊತ್ತಿದೆ ಅಂತ ಪ್ರೋಗ್ರಾಂ ಹೇಳಬೇಕು. ಆಮೇಲಷ್ಟೇ ಆ ಫ್ಲ್ಯಾಗ್‌ಗೆ ಬೆಲೆ. ಒಂದು ಬಿಟ್‌ಗಾಗಿ ಎರಡು ಹೆಜ್ಜೆ. ಮೊದಲ ದಿನವೇ ತಿರಸ್ಕರಿಸಿದ್ದರೆ ಇಷ್ಟು ಬೇಕಿರಲಿಲ್ಲ.

ಚೆನ್ನಾಗಿ ಬೆಳೆದ ಉದಾಹರಣೆ ಬೇಕಾದರೆ, ಒಂದು ಟಿಸಿಪಿ ಸಂಪರ್ಕದ ಸ್ಥಿತಿಗತಿ ತಿಳಿಸುವ ಟಿಸಿಪಿ ಇನ್ಫೋ ನೋಡಿ. ನನಗೆ ಬಹಳ ಇಷ್ಟವಾದ ಇಂಟರ್‌ಫೇಸ್ ಅದು. ಗೆಟ್‌ಸಾಕ್‌ಆಪ್ಟ್ ಕಾಲ್‌ನಲ್ಲಿ ಪ್ರೋಗ್ರಾಂ ತನ್ನ ಬಫರ್ ಎಷ್ಟು ದೊಡ್ಡದು ಅಂತ ಹೇಳುತ್ತದೆ. ಕರ್ನಲ್ ತನ್ನ ಅಳತೆ, ಅವರ ಅಳತೆ ಎರಡರಲ್ಲಿ ಚಿಕ್ಕದನ್ನು ತೆಗೆದುಕೊಂಡು ಅಷ್ಟೇ ಬರೆಯುತ್ತದೆ. ಎಷ್ಟು ಬರೆದೆ ಅಂತ ವಾಪಸ್ ಹೇಳುತ್ತದೆ. ಹಿಂದೊಮ್ಮೆ 104 ಬೈಟ್ ಇದ್ದ ಸ್ಟ್ರಕ್ಟ್ ಈಗ 200 ದಾಟಿದೆ. 104 ಕೇಳುವ ಹಳೇ ಪ್ರೋಗ್ರಾಂಗೆ ಇವತ್ತೂ 104 ಸಿಗುತ್ತದೆ. ಹೊಸ ಫೀಲ್ಡ್ ಬರುವುದು ಕೊನೆಯಲ್ಲಿ, ಇಲ್ಲವೇ ನಡುವೆ ಖಾಲಿ ಉಳಿದಿದ್ದ ಬಿಟ್‌ನಲ್ಲಿ. ಹಳೆಯದನ್ನು ಕೀಳುವುದಿಲ್ಲ. 4.15ರಲ್ಲಿ ಫ್ಯಾಕ್ ಅನ್ನುವ ಅಲ್ಗಾರಿದಮ್ಮನ್ನೇ ಟಿಸಿಪಿಯಿಂದ ತೆಗೆದರು, ಆದರೂ ಅದರ ಫೀಲ್ಡ್ ಅದೇ ಜಾಗದಲ್ಲಿ ಇನ್ನೂ ಕೂತಿದೆ.

ಐಪಿವಿ6 ಅಡ್ರೆಸ್ ಸ್ಟ್ರಕ್ಟೂ ಹೀಗೇ. 1997ರ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 2133ರಲ್ಲಿ ಅದು 24 ಬೈಟ್. 1999ರ ಆರ್‌ಎಫ್‌ಸಿ 2553ರಲ್ಲಿ ಸ್ಕೋಪ್ ಐಡಿ ಸೇರಿ 28 ಆಯಿತು. ಇವತ್ತಿನ ಲಿನಕ್ಸ್‌ನ ಬೈಂಡ್ ಕೋಡ್ ತೆಗೆದು ನೋಡಿ, 24ಕ್ಕಿಂತ ಕಡಿಮೆ ಇದ್ದರೆ ಮಾತ್ರ ತಿರಸ್ಕರಿಸುತ್ತದೆ. ಆ ಹಳೇ ಅಳತೆಗೆ ಒಂದು ಹೆಸರೇ ಇಟ್ಟಿದ್ದಾರೆ, ಆರ್‌ಎಫ್‌ಸಿ ನಂಬರ್ ಸಮೇತ. ಎರಡು ವರ್ಷ ಬದುಕಿದ ಅಳತೆಯನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದಿದ್ದಾರೆ. ನನಗೆ ಇದು ದೊಡ್ಡ ವಿಷಯ.

ಹಾಗಾಗಿ ನಿಮ್ಮ ಮೂರನೇ ದಾರಿಗೇ ನನ್ನ ಓಟು. ಹಳೇ ಕಮಾಂಡ್ 32 ಬಿಟ್ ಕೌಂಟರ್ ಜೊತೆ ಹಾಗೇ ಇರಲಿ. 64 ಬಿಟ್ ಕರ್ನಲ್‌ನಲ್ಲಿ ಅದಕ್ಕೆ ಅಳತೆ ಗಟ್ಟಿಯಾಗಿರುವ ಇನ್ನೊಂದು ಸ್ಟ್ರಕ್ಟ್ ಬರೆಯಿರಿ, 4 ಬೈಟಿನ 6 ಕೌಂಟರ್, ಒಟ್ಟು 64 ಬೈಟ್. ಕರೆದವರು 32 ಬಿಟ್ ಪ್ರೋಗ್ರಾಂ ಆಗಿದ್ದರೆ ಅದನ್ನೇ ಕೊಡಿ. ಹೊಸ ಕಮಾಂಡ್‌ಗೆ ಮೊದಲ ಫೀಲ್ಡ್ ಆಗಿ ಸೈಜ್ ಇಡಿ.

ಬಿಎಸ್‌ಡಿ ಪ್ರಿಯ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಷ್ಟೆಲ್ಲ ಹೊರೆ ಯಾಕೆ ಹೊರಬೇಕು? ಓಪನ್‌ಬಿಎಸ್‌ಡಿಯವರು ಕರ್ನಲ್, ಯೂಸರ್‌ಲ್ಯಾಂಡ್ ಎರಡನ್ನೂ ಒಟ್ಟಿಗೆ ಬಿಲ್ಡ್ ಮಾಡುತ್ತಾರೆ. 2014ರ 5.5 ರಿಲೀಸ್‌ನಲ್ಲಿ ಸಮಯದ ಟೈಪನ್ನು 32 ಬಿಟ್ ಮಷೀನ್‌ಗಳಲ್ಲೂ ಒಂದೇ ಸಲ 64 ಬಿಟ್ ಮಾಡಿದರು. ಹಳೇ ಬೈನರಿ ಓಡುವುದಿಲ್ಲ, ಮತ್ತೆ ಕಂಪೈಲ್ ಮಾಡಿ ಅಂದರು. ಕೋಡ್ ಶುದ್ಧವಾಗಿ ಉಳಿಯಿತು. ನಿಮ್ಮ ಫರ್ಮ್‌ವೇರ್ ಕೂಡ ಒಂದೇ ಇಮೇಜ್ ತಾನೇ? ಒಟ್ಟಿಗೇ ಬದಲಿಸಿ.

ತಿಪಟೂರು ರೂಟರ್

ಆ ದಾರಿಯ ಮೇಲೆ ನನಗೆ ಗೌರವ ಇದೆ. ಎಲ್ಲ ಸೋರ್ಸ್ ಒಂದೇ ಮನೆಯಲ್ಲಿ ಇದ್ದಾಗ ಅದು ಒಳ್ಳೆಯ ದಾರಿಯೇ. ಇಲ್ಲಿ ಡೀಮನ್ ಇವರ ಮನೆಯದಲ್ಲ. ಅದನ್ನು ಮತ್ತೆ ಕಂಪೈಲ್ ಮಾಡುವ ಅಧಿಕಾರ ಇವರ ಕೈಯಲ್ಲಿ ಇಲ್ಲ.

ಅದೇ ಸಮಯದ ಸಮಸ್ಯೆಯನ್ನು, ಅಂದರೆ 32 ಬಿಟ್ ಸಮಯದ ಲೆಕ್ಕ 2038ರಲ್ಲಿ ತುಂಬಿಹೋಗುವುದನ್ನು, ಲಿನಕ್ಸ್ ಸಾಕೆಟ್‌ಗಳಲ್ಲಿ ಹೇಗೆ ಬಿಡಿಸಿದರು ನೋಡಿ. ಪ್ಯಾಕೆಟ್ ಬಂದ ಸಮಯ ತಿಳಿಸುವ ಟೈಮ್‌ಸ್ಟ್ಯಾಂಪ್ ಆಪ್ಷನ್ ನಂಬರ್ 29. 2019ರ 5.1ರಲ್ಲಿ 64 ಬಿಟ್ ಸಮಯಕ್ಕೆ 63 ಅಂತ ಹೊಸ ನಂಬರ್ ಕೊಟ್ಟರು. 29 ಕೇಳಿದವರಿಗೆ ಹಳೇ ಆಕಾರ, 63 ಕೇಳಿದವರಿಗೆ ಹೊಸದು. ಯಾವುದು ಬೇಕು ಅನ್ನುವುದನ್ನು ಹೆಡರ್ ಫೈಲೇ ಕಂಪೈಲ್ ಸಮಯದಲ್ಲಿ ಆರಿಸುತ್ತದೆ. ಕೋಡ್ ಸ್ವಲ್ಪ ಉದ್ದ ಆಯಿತು, ನಿಜ. ಆ ಉದ್ದವನ್ನು ಕರ್ನಲ್ ಬರೆಯುವ ಕೆಲವರು ಹೊತ್ತರು, ಬಳಸುವ ಎಲ್ಲರ ಮೇಲೆ ಹೊರಿಸಲಿಲ್ಲ. ನನಗೆ ಅದೇ ನ್ಯಾಯ ಅನಿಸುತ್ತದೆ.

ಪೋರ್ಟ್ ಎಂಟು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್, ನೀವು ಕೇಳಿದ ಮೇಲೆ ಡ್ರೈವರ್‌ನಲ್ಲಿ ಒಂದು ಪ್ರಿಂಟ್ ಹಾಕಿ ನೋಡಿದೆ. ಹಳೇ ಡೀಮನ್‌ನಿಂದ ಫ್ಲ್ಯಾಗ್ಸ್‌ನಲ್ಲಿ ಪ್ರತಿ ಸಲ ಬೇರೆ ಬೇರೆ ಕಸ ಬರುತ್ತಿದೆ! ಎರಡನೇ ದಾರಿ ಅಲ್ಲಿಗೇ ಮುಗಿಯಿತು.

ಈಗ ಇನ್ನೆರಡು ಪ್ರಶ್ನೆ. ಹಳೇ ಡ್ರೈವರ್‌ನ ಸ್ವಿಚ್ ಸ್ಟೇಟ್‌ಮೆಂಟ್‌ನಲ್ಲಿ ಡಿಫಾಲ್ಟ್ ಕೇಸ್ ಸೊನ್ನೆ ರಿಟರ್ನ್ ಮಾಡುತ್ತದೆ. ಅಂದರೆ ಗೊತ್ತಿಲ್ಲದ ಕಮಾಂಡಿಗೂ ಯಶಸ್ಸು ಅನ್ನುತ್ತದೆ. ಹೊಸ ಡೀಮನ್ ಹಳೇ ಫರ್ಮ್‌ವೇರ್ ಮೇಲೆ ಓಡಿದರೆ ಹೇಗೆ ಗುರುತಿಸಬೇಕು? ಇನ್ನೊಂದು, ಐಆಕ್ಟಲ್ ಬಿಟ್ಟು ಜೆನೆರಿಕ್ ನೆಟ್‌ಲಿಂಕ್‌ಗೆ (ಕರ್ನಲ್ ಮತ್ತು ಪ್ರೋಗ್ರಾಂ ಮೆಸೇಜ್ ಮೂಲಕ ಮಾತಾಡುವ ವ್ಯವಸ್ಥೆ) ಹೋಗಿಬಿಟ್ಟರೆ ಈ ತಲೆನೋವೆಲ್ಲ ಮುಗಿಯುತ್ತದಾ?

ತಿಪಟೂರು ರೂಟರ್

ಮೊದಲನೆಯದಕ್ಕೆ ಇಥ್‌ಟೂಲ್‌ನಲ್ಲೇ ಒಂದು ಒಳ್ಳೆಯ ಉಪಾಯ ಇದೆ. ಹಳೇ ಸ್ಟ್ರಕ್ಟ್‌ನಲ್ಲಿ ಲಿಂಕ್ ಮೋಡ್‌ಗಳಿಗೆ ಇದ್ದದ್ದು 32 ಬಿಟ್, ಅದು ತುಂಬಿಹೋಯಿತು. 2016ರಲ್ಲಿ ಬಂದ 4.6ರಲ್ಲಿ ಹೊಸ ಕಮಾಂಡ್ ಕೊಟ್ಟರು. ಮುಂದೆ ಎಷ್ಟು ಬಿಟ್ ಬೇಕಾಗುತ್ತದೋ ಯಾರಿಗೂ ಗೊತ್ತಿಲ್ಲ, ಅದಕ್ಕೇ ಉದ್ದವನ್ನೇ ಮಾತಾಡಿಕೊಳ್ಳುವ ವ್ಯವಸ್ಥೆ ಮಾಡಿದರು. ಪ್ರೋಗ್ರಾಂ ಮೊದಲು ಉದ್ದ ಸೊನ್ನೆ ಅಂತ ಕಳಿಸುತ್ತದೆ. ಕರ್ನಲ್ ತನಗೆ ಬೇಕಾದ ಉದ್ದವನ್ನು ಮೈನಸ್ ಚಿಹ್ನೆ ಹಾಕಿ ವಾಪಸ್ ಕೊಡುತ್ತದೆ. ಪ್ರೋಗ್ರಾಂ ಅದನ್ನು ಪ್ಲಸ್ ಮಾಡಿ ಮತ್ತೆ ಕೇಳುತ್ತದೆ, ಆಗ ನಿಜವಾದ ಉತ್ತರ. ನೀವೂ ಹೀಗೇ ಮಾಡಿ. ಹೊಸ ಡೀಮನ್ ಸೈಜ್ ಫೀಲ್ಡ್‌ನಲ್ಲಿ ಸೊನ್ನೆ ಇಟ್ಟು ಕರೆಯಲಿ. ಹೊಸ ಡ್ರೈವರ್ ತನ್ನ ಅಳತೆಯನ್ನು ಅಲ್ಲಿ ಬರೆಯಲಿ. ಯಶಸ್ಸು ಅಂತ ಬಂದರೂ ಸೊನ್ನೆ ಹಾಗೇ ಇದ್ದರೆ ಅದು ಹಳೇ ಡ್ರೈವರ್. ಆಗ ಹಳೇ ಕಮಾಂಡಿಗೆ ಹಿಂತಿರುಗಿ. ಡಿಫಾಲ್ಟ್ ಕೇಸ್ ಇವತ್ತೇ ಸರಿ ಮಾಡಿ, ಬೆಂಬಲ ಇಲ್ಲ ಅನ್ನುವ ಎರರ್ ಕೊಡಲಿ.

ನೆಟ್‌ಲಿಂಕ್ ಬಗ್ಗೆ ಹೇಳಬೇಕೆಂದರೆ, ಹೋಗಿ. ಇಥ್‌ಟೂಲ್ ಕೂಡ 2020ರ 5.6ರಲ್ಲಿ ಅಲ್ಲಿಗೇ ಹೋಯಿತು. ಅಲ್ಲಿ ಪ್ರತಿ ಮೌಲ್ಯಕ್ಕೂ (ಅದನ್ನು ಆಟ್ರಿಬ್ಯೂಟ್ ಅನ್ನುತ್ತಾರೆ) ಅದರದೇ ಉದ್ದ, ಟೈಪ್ ಇರುವ 4 ಬೈಟಿನ ತಲೆ ಇರುತ್ತದೆ. ಹೊಸದು ಸೇರಿಸಿದರೆ ಹಳಬರು ದಾಟಿಕೊಂಡು ಹೋಗುತ್ತಾರೆ. ಇಂಟರ್‌ಫೇಸ್ ಹೆಸರಿನ ಕಥೆ ಗೊತ್ತಲ್ಲ? ಹಳೇ ಐಆಕ್ಟಲ್ ಸ್ಟ್ರಕ್ಟ್‌ನಲ್ಲಿ ಹೆಸರಿಗೆ 16 ಬೈಟ್, ಕೊನೆಯ ಸೊನ್ನೆ ಕಳೆದರೆ 15 ಅಕ್ಷರ. ಆ 16 ಎಲ್ಲ ಪ್ರೋಗ್ರಾಂಗಳ ಒಳಗೂ ಕಂಪೈಲ್ ಆಗಿ ಕೂತಿದೆ, ಹಿಗ್ಗಿಸಲು ಆಗದು. ಅದಕ್ಕೆ 5.5ರಲ್ಲಿ ಹಳೇ ಹೆಸರನ್ನು ಮುಟ್ಟದೆ ಪಕ್ಕದಲ್ಲಿ ಆಲ್ಟರ್ನೇಟ್ ಹೆಸರು ಅಂತ ಬೇರೆ ಆಟ್ರಿಬ್ಯೂಟ್ ಕೊಟ್ಟರು. ಅದರ ಮಿತಿ 128 ಬೈಟ್. ನೆಟ್‌ಲಿಂಕ್ ಇದ್ದದ್ದರಿಂದಲೇ ಅದು ಅಷ್ಟು ಸಲೀಸಾಯಿತು.

ಆದರೆ ತಲೆನೋವು ಪೂರ್ತಿ ಮುಗಿಯುತ್ತದೆ ಅಂತ ಹೇಳಲಾರೆ. ನೆಟ್‌ಲಿಂಕ್‌ನಲ್ಲೂ ಕರ್ನಲ್ ಬಹಳ ಕಾಲ ಗೊತ್ತಿಲ್ಲದ ಆಟ್ರಿಬ್ಯೂಟ್‌ಗಳನ್ನು ಸುಮ್ಮನೆ ಬಿಟ್ಟುಬಿಡುತ್ತಿತ್ತು. ಪ್ರೋಗ್ರಾಂ ಒಂದು ಸೌಲಭ್ಯ ಕೇಳುತ್ತದೆ, ಹಳೇ ಕರ್ನಲ್ ಕೇಳಿಸಿಕೊಳ್ಳದೆಯೇ ಸರಿ ಅನ್ನುತ್ತದೆ. 2019ರ 5.2ರಲ್ಲಿ ಕಟ್ಟುನಿಟ್ಟಿನ ಪರೀಕ್ಷೆ ಬಂತು. ಹಳೇ ಸಡಿಲ ಫಂಕ್ಷನ್‌ಗಳ ಹೆಸರಿಗೆ ಡೆಪ್ರಿಕೇಟೆಡ್ ಅಂತ ಸೇರಿಸಿದರು. ಹಳೇ ಕಮಾಂಡ್‌ಗಳನ್ನು ದಿಢೀರಂತ ಬಿಗಿ ಮಾಡಿದರೆ ಓಡುತ್ತಿರುವವರು ಬೀಳುತ್ತಾರೆ. ಹಾಗಾಗಿ ಇಂಥ ಆಟ್ರಿಬ್ಯೂಟ್‌ನಿಂದ ಮುಂದಕ್ಕೆ ಮಾತ್ರ ಬಿಗಿ ಅಂತ ಗುರುತು ಹಾಕುವ ಅವಕಾಶ ಕೊಟ್ಟರು. ನಿಮ್ಮದು ಹೊಸ ಫ್ಯಾಮಿಲಿ, ಅಂದರೆ ನೆಟ್‌ಲಿಂಕ್ ಕಮಾಂಡ್‌ಗಳ ಹೊಸ ಗುಂಪು, ಆ ಕಷ್ಟ ಇಲ್ಲ. ಮೊದಲ ದಿನದಿಂದ ಬಿಗಿಯಾಗಿಡಿ.

ಇನ್ನೊಂದು ಎಚ್ಚರಿಕೆ, ಇದನ್ನು ಜನ ಮರೆಯುತ್ತಾರೆ. ಸೇರಿಸುವುದು ಯಾವಾಗಲೂ ನಿರಪಾಯ ಅಲ್ಲ. ಒಂದು ಕಾರ್ಡಿನಿಂದ ಹತ್ತಾರು ವರ್ಚುವಲ್ ಕಾರ್ಡ್ ಮಾಡುವ ಸೌಲಭ್ಯ ಬಂದಾಗ, ಅವುಗಳ ವಿವರವೆಲ್ಲ ಲಿಂಕ್ ಪಟ್ಟಿಯ ಮೆಸೇಜಿಗೆ ಸೇರಿತು. ಮೆಸೇಜ್ ಎಷ್ಟು ದೊಡ್ಡದಾಯಿತು ಅಂದರೆ ಹಳೇ ಪ್ರೋಗ್ರಾಂಗಳ ಬಫರಿನಲ್ಲಿ ಹಿಡಿಯಲಿಲ್ಲ. ಒಂದೊಂದು ಆಟ್ರಿಬ್ಯೂಟೂ ನಿಯಮದ ಪ್ರಕಾರವೇ ಇತ್ತು, ಆದರೂ ಮುರಿಯಿತು. ಆಮೇಲೆ 2012ರಲ್ಲಿ, ಆ ವಿವರ ಬೇಕಾದವರು ಒಂದು ಮಾಸ್ಕ್ ಕಳಿಸಿ ಕೇಳಬೇಕು ಅಂತ ಮಾಡಿದರು. ನಿಮ್ಮ ವಿಲ್ಯಾನ್ ಲೆಕ್ಕವೂ ಹಾಗೇ. 4,094 ವಿಲ್ಯಾನ್ ಇರಬಹುದು. ಕೇಳಿದವರಿಗೆ ಮಾತ್ರ ಕೊಡಿ, ತುಂಡು ತುಂಡಾಗಿ ಡಂಪ್ ಮಾಡಿ.

ಸಾಗರದವಳು

ಟೆಸ್ಟ್ ಬಗ್ಗೆ ಯಾರೂ ಹೇಳಲಿಲ್ಲ, ಅದು ಇಲ್ಲದೆ ಇದೆಲ್ಲ ನಿಲ್ಲುವುದಿಲ್ಲ. ಹಳೇ ಡೀಮನ್ ಬೈನರಿಯನ್ನೇ ಇಟ್ಟುಕೊಳ್ಳಿ, ಪ್ರತಿ ಬಿಲ್ಡ್ ಮೇಲೂ ಅದನ್ನು ಓಡಿಸಿ. ಹೊಸ ಹೆಡರ್ ಜೊತೆ ಮತ್ತೆ ಕಂಪೈಲ್ ಮಾಡಿದ ಟೆಸ್ಟ್ ಪ್ರೋಗ್ರಾಂ ಈ ಮುರಿತವನ್ನು ಹಿಡಿಯುವುದಿಲ್ಲ, ಅದರ ಅಳತೆಯೂ ಹೊಸದಾಗಿಯೇ ಇರುತ್ತದೆ.

ಜೊತೆಗೆ ಚಿಕ್ಕ ಟೆಸ್ಟ್ ಒಂದು ಬರೆಯಿರಿ. 64 ಬೈಟ್ ಆದಮೇಲೆ ಇನ್ನೂ 64 ಬೈಟ್ ಇಟ್ಟು, ಅದರ ತುಂಬ ಗುರುತಿನ ಒಂದೇ ಬೈಟ್ ತುಂಬಿ. ಕಾಲ್ ಆದಮೇಲೆ ಒಂದು ಬೈಟ್ ಬದಲಾಗಿದ್ದರೂ ಟೆಸ್ಟ್ ಫೇಲ್. ಡ್ರೈವರ್ ಒಳಗೆ ಹಳೇ ಸ್ಟ್ರಕ್ಟ್ 64 ಬೈಟ್ ಇರಲೇಬೇಕು ಅನ್ನುವ ಬಿಲ್ಡ್ ಸಮಯದ ಚೆಕ್ ಹಾಕಿ. ಸ್ಟ್ರಕ್ಟ್ ಒಳಗಿನ ಜೋಡಣೆ ತೋರಿಸುವ ಪಹೋಲ್ ಟೂಲ್‌ನಲ್ಲಿ ಹೊಸ ಸ್ಟ್ರಕ್ಟ್ ನೋಡಿ. ನಡುವೆ ಖಾಲಿ ಬೈಟ್ ಕಂಡರೆ ಅದಕ್ಕೆ ಹೆಸರಿಟ್ಟು ಫೀಲ್ಡ್ ಮಾಡಿ, ಸೊನ್ನೆ ಇಲ್ಲದಿದ್ದರೆ ತಿರಸ್ಕರಿಸಿ. ಯೂಸರ್‌ಗೆ ಕಾಪಿ ಮಾಡುವ ಮೊದಲು ಪೂರ್ತಿ ಸ್ಟ್ರಕ್ಟನ್ನು ಸೊನ್ನೆ ಮಾಡಿ. ಇಲ್ಲದಿದ್ದರೆ ಆ ಖಾಲಿ ಬೈಟ್‌ಗಳಲ್ಲಿ ಕರ್ನಲ್ ಸ್ಟ್ಯಾಕ್‌ನ ಚೂರುಗಳು ಹೊರಗೆ ಹೋಗುತ್ತವೆ. 64 ಬಿಟ್ ಫೀಲ್ಡ್‌ಗಳಿಗೆ ಅಲೈನ್ಡ್ ಟೈಪ್ (ಎಲ್ಲ ಮಷೀನ್‌ನಲ್ಲೂ 8 ಬೈಟ್ ಗಡಿಗೇ ಕೂರುವ ಟೈಪ್) ಬಳಸಿ. 32 ಬಿಟ್ ಎಆರ್‌ಎಂ ಅವನ್ನು 8 ಬೈಟ್ ಗಡಿಗೆ ಇಡುತ್ತದೆ, 32 ಬಿಟ್ ಎಕ್ಸ್86 4 ಬೈಟ್ ಗಡಿಗೆ ಇಡುತ್ತದೆ. ಇವತ್ತು ಎಕ್ಸ್86 ಬಾಕ್ಸ್ ಇಲ್ಲದಿದ್ದರೂ ನಾಳೆ ಬರಬಹುದು.

ಪೋರ್ಟ್ ಎಂಟು

ಮೇಡಂ, ಗುರುತಿನ ಬೈಟ್ ಟೆಸ್ಟ್ ಬರೆದು ಹೊಸ ಬೋರ್ಡ್ ಮೇಲೆ ಓಡಿಸಿದೆ. ನೀವು ಹೇಳಿದ ಹಾಗೆ ಸರಿಯಾಗಿ 24 ಬೈಟ್ ಆಚೆ ಬರೆದಿತ್ತು. ಮೊದಲು ಅದನ್ನು ಸರಿ ಮಾಡುತ್ತೇನೆ, ಹೊಸ ಕೌಂಟರ್ ಆಮೇಲೆ. ಹೊಸದೆಲ್ಲ ನೆಟ್‌ಲಿಂಕ್‌ನಲ್ಲೇ ಬರಲಿ ಅಂತ ತಂಡ ಒಪ್ಪಿದೆ. ಹಾಗಾದರೆ ಹಳೇ ಐಆಕ್ಟಲ್ ತೆಗೆಯುವುದು ಯಾವಾಗ?

ತಿಪಟೂರು ರೂಟರ್

ತಾರೀಖು ನೋಡಿ ತೆಗೆಯಬೇಡಿ, ಬಳಕೆ ನೋಡಿ ತೆಗೆಯಿರಿ. ಹಳೇ ಕಮಾಂಡ್ ಒಳಗೆ, ಬೂಟ್ ಆದಮೇಲೆ ಒಂದೇ ಸಲ ಬರುವ ಹಾಗೆ ಒಂದು ವಾರ್ನಿಂಗ್ ಹಾಕಿ, ಕರೆದ ಪ್ರೋಸೆಸ್‌ನ ಹೆಸರು ಸಮೇತ. ಫೀಲ್ಡ್‌ನಿಂದ ಬರುವ ಲಾಗ್‌ಗಳಲ್ಲಿ ಯಾರ್ಯಾರು ಇನ್ನೂ ಕರೆಯುತ್ತಿದ್ದಾರೆ ಗೊತ್ತಾಗುತ್ತದೆ. ಗ್ರಾಹಕರ ಡೀಮನ್ ಒಂದೇ ಅಂದುಕೊಂಡಿದ್ದೀರಿ. ನನ್ನ ಅನುಭವದಲ್ಲಿ ಸರ್ವೀಸ್‌ನವರು ಬರೆದಿಟ್ಟ ಯಾವುದಾದರೂ ಡಯಾಗ್ನೋಸ್ಟಿಕ್ ಟೂಲ್ ಕೂಡ ಅದನ್ನೇ ಕರೆಯುತ್ತಿರುತ್ತದೆ. ಅವರನ್ನೂ ಕೇಳಿ ನೋಡಿ.